ಲಿಂಗಕ್ಕ ಕಾಯ್ದ ಬಾವಿ

‘ಗಂಟಲಲ್ಲಿ ಏನೋ ಸಿಕ್ಕಿಕೊಂಡಂತಿದೆ. ಉಗುಳಿದರೆ ಬರುವುದಿಲ್ಲ, ನುಂಗಿದರೆ ಇಳಿಯುವುದಿಲ್ಲ. ಇಷ್ಟು ಸಣ್ಣದನ್ನು ಯಾರ ಮುಂದೆ ಹೇಳಿಕೊಳ್ಳಲಿ?’

ಇಷ್ಟು ಬರೆದು ವೆಂಕೂಬಾಯಿ ಡೈರಿ ಮುಚ್ಚಿದಳು. ಮಾತಿಗೂ ಅವಳಿಗೂ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಬಿ.ಎಸ್ಸಿ. ಓದಿದ ಮೂರು ವರ್ಷವೂ ಅವಳ ‘ಪ್ರೆಸೆಂಟ್ ಸರ್’ ಮುಂದಿನ ಬೆಂಚಿಗೆ ಮುಟ್ಟುವಷ್ಟರಲ್ಲಿ ಮೇಷ್ಟ್ರು ಬೇರೆ ಹೆಸರಿಗೆ ಹೋಗಿರುತ್ತಿದ್ದರು. ಆದರೆ ಮಾತು ಹೊರಡದಿರುವುದು ಒಂದು, ಅನ್ನ ಇಳಿಯದಿರುವುದು ಇನ್ನೊಂದು. ಇವತ್ತಿಗೆ ಎಂಟು ದಿನ.

ಹೊರಗೆ ಮಳೆ ಹಿಡಿದಿತ್ತು. ಆದೋನಿಗೆ, ಹಳಬರ ಬಾಯಲ್ಲಿ ಆದವಾನಿಗೆ, ಮಳೆ ಬರುವುದೇ ಅಪರೂಪ. ಬಂದರೆ ಗುಡ್ಡದ ಬಂಡೆಗಳ ಮೇಲಿಂದ ಇಳಿದ ನೀರೆಲ್ಲ ಓಣಿಗೇ ನುಗ್ಗುತ್ತದೆ. ದೀಪ ಹಚ್ಚುವ ಹೊತ್ತಿಗೇ ಕರೆಂಟು ಹೋಗಿತ್ತು. ಮಾಳಿಗೆಯ ಗವಾಕ್ಷಿಗೆ ತಗಡು ಮುಚ್ಚಿದ್ದರೂ ಪಡಸಾಲೆಯ ನಡುವೆ ಹನಿ ಬೀಳುತ್ತಿತ್ತು, ಹನಿಯ ಕೆಳಗೆ ಒಂದು ಬೋಗುಣಿ.

ಡೈರಿಯ ಹಾಳೆಗಳ ನಡುವೆ ಮಡಚಿಟ್ಟ ಕಾಗದವೊಂದಿತ್ತು. ಅದರ ಸಂಗತಿ ಮೊದಲೇ ಹೇಳಿಬಿಡುವುದು ಒಳ್ಳೆಯದು.

ಊರ ಪಡುವಣಕ್ಕೆ, ಹತ್ತಿ ಮಿಲ್ಲುಗಳ ಸಾಲು ಮುಗಿದ ಮೇಲೆ, ಆರು ಎಕರೆ ಬಯಲು. ಹಿಂದೊಂದು ಕಾಲಕ್ಕೆ ಅಲ್ಲಿ ತೊಗಲಿನ ಗೋದಾಮು ಇತ್ತಂತೆ. ಅದು ಮುಚ್ಚಿ ಮೂವತ್ತೈದು ವರ್ಷ; ಗೋಡೆಗಳು ಬಿದ್ದಿದ್ದವು, ಬಾವಿಯೊಂದು ಉಳಿದಿತ್ತು. ಬಾವಿಯಲ್ಲಿ ದೆವ್ವವಿದೆಯೆಂದು ಊರವರು ಅತ್ತ ಕಾಲಿಡುತ್ತಿರಲಿಲ್ಲ. ಗುಮಾಸ್ತರು, ಮೇಷ್ಟ್ರುಗಳು, ಮಿಲ್ಲಿನ ಕೆಲಸಗಾರರು ಕೂಡಿ ಮನೆ ಕಟ್ಟಿಕೊಳ್ಳಲು ಸೊಸೈಟಿಯೊಂದನ್ನು ಮಾಡಿಕೊಂಡಾಗ, ಊರಿಗೆ ಅಷ್ಟು ಹತ್ತಿರ ಖಾಲಿ ಬಿದ್ದಿದ್ದ ನೆಲವೆಂದರೆ ಅದೊಂದೇ. ಸೊಸೈಟಿಯ ಕಾರ್ಯದರ್ಶಿ ವೆಂಕೂಬಾಯಿಯ ತಂದೆ ಸೇತುಮಾಧವಾಚಾರ್ಯರು. ಓವರ್‌ಸಿಯರು ಪೆನ್ಸಿಲಿನಲ್ಲಿ ಗೀಚಿಕೊಟ್ಟ ನಕ್ಷೆಯನ್ನು ಮಸಿಯಲ್ಲಿ ತಿದ್ದಿ ಎಳೆದವಳು ವೆಂಕೂಬಾಯಿ. ಮೂವತ್ತೆರಡು ಸೈಟು, ಎರಡು ರಸ್ತೆ. ಗೋದಾಮಿನ ಹಿಂದಿನ ಮಣ್ಣು ತುಂಬಿದ ಗುಂಡಿಯ ಮೇಲೆ ಪಾಯ ನಿಲ್ಲುವುದಿಲ್ಲವೆಂದು ಅಲ್ಲಿ ಮಕ್ಕಳ ಪಾರ್ಕು. ಅದರ ಮಗ್ಗುಲಿಗೆ ಬಾವಿ, ಅದಕ್ಕೊಂದು ನೀಲಿ ಸುತ್ತು.

ನಲ್ಲಿಯ ಲೈನು ಅತ್ತ ಬರಲು ವರ್ಷಗಳೇ ಬೇಕಿತ್ತು. ಕೈಪಂಪು ಹಾಕಿಸೋಣವೆಂದರೆ ಮಡಿಯ ಹೆಂಗಸರು ಒಪ್ಪಲಿಲ್ಲ. ಅವರೆಲ್ಲರ ಮುಂದಾಳು ವೆಂಕೂಬಾಯಿಯ ಅಜ್ಜಿ ಅಂಬೂಬಾಯಿ. ಪಂಪಿನೊಳಗೆ ತೊಗಲಿನ ವಾಷರು ಇರುತ್ತದೆ, ನಲ್ಲಿಯೊಳಗೂ ಇರುತ್ತದೆ. ತೊಗಲು ತಾಗಿದ ನೀರಿನಲ್ಲಿ ದೇವರಿಗೆ ಅಭಿಷೇಕ ಮಾಡಬೇಕೇ ಎಂಬುದು ಅವರ ಪ್ರಶ್ನೆ. ಬಾವಿಯೇ ಬೇಕು. ಹಾಗಾಗಿ ಹಳೆಯ ಬಾವಿಯ ಹೂಳು ತೆಗೆಸುವುದೆಂದಾಯಿತು. ದೆವ್ವಕ್ಕೆ ಹೆದರಿ ಕೂಲಿಯವರು ಇಳಿಯಲೊಲ್ಲರೆಂದು ಪುರೋಹಿತ ಪ್ರಾಣೇಶಾಚಾರ್ಯರು ಶಾಂತಿ ಮಾಡಿ, ಬಾವಿಯ ಕಟ್ಟೆಯಲ್ಲಿ ಪ್ರಾಣದೇವರ, ಅಂದರೆ ಹನುಮಂತನ, ಕಲ್ಲನ್ನು ಕೂರಿಸಿದರು. ನೀರು ಬಂತು, ಸಕ್ಕರೆಯಂಥ ನೀರು. ಮನೆಯ ಬಾವಿ ಸವುಳಾಗಿದ್ದರಿಂದ ಅಂದಿನಿಂದ ಅಂಬೂಬಾಯಿಯವರ ಮಡಿನೀರು ಅಲ್ಲಿಯದೇ. ದಿನಾ ಬೆಳಗ್ಗೆ ಪ್ರಾಣೇಶಾಚಾರ್ಯರು ಒದ್ದೆ ಪಂಚೆಯಲ್ಲಿ ಒಂದು ಕೊಡ ತಂದಿಡುತ್ತಿದ್ದರು.

ಆಂಧ್ರ ಸರ್ಕಾರಕ್ಕೆ ಸಲ್ಲಿಸುವ ಮಂಜೂರಾತಿಯ ಅರ್ಜಿಯಲ್ಲಿ ಕುಡಿಯುವ ನೀರು ಇದೆಯೇ ಇಲ್ಲವೇ ಎಂಬ ಕಾಲಂ ಇತ್ತು. ವೆಂಕೂಬಾಯಿ ದುಂಡಗಿನ ತೆಲುಗು ಅಕ್ಷರದಲ್ಲಿ ಇದೆ ಎಂದು, ‘ಉಂದಿ’ ಎಂದು, ತುಂಬಿದಳು. ತುಂಬಿದ ಮೇಲೆ ಮನಸ್ಸು ತಡೆಯದೆ ಒಂದು ಸೀಸೆ ನೀರನ್ನು ತನಗೆ ರಸಾಯನಶಾಸ್ತ್ರ ಕಲಿಸಿದ ಮೇಡಂಗೆ ಕೊಟ್ಟು ಬಂದಳು. ಎಂಟು ದಿನದ ಹಿಂದೆ ಟಪಾಲಿನಲ್ಲಿ ಬಂದ ಉತ್ತರವೇ ಆ ಕಾಗದ. ನೀರಿನಲ್ಲಿ ಆರ್ಸೆನಿಕ್, ಅಂದರೆ ಪಾಷಾಣ, ಇದೆ. ಎರಡು ಸಲ ನೋಡಿದ್ದೇನೆ, ಯಾರೂ ಕುಡಿಯಬಾರದು ಎಂದು ಮೇಡಂ ಬರೆದಿದ್ದರು.

ವೆಂಕೂಬಾಯಿ ಬಾಯಿಬಿಟ್ಟು ಹೇಳಲಿಲ್ಲ. ಕಾಗದವನ್ನು ಅಪ್ಪನ ಕನ್ನಡಕದ ಡಬ್ಬಿಯ ಕೆಳಗೆ ಇಟ್ಟಳು. ಮಾರನೆಯ ಬೆಳಗ್ಗೆ ಅದು ಅವಳ ಡೈರಿಯೊಳಗೆ ವಾಪಸ್ಸು ಬಂದಿತ್ತು, ಅದೇ ಮಡಿಕೆಯಲ್ಲಿ. ಅವತ್ತು ಅಪ್ಪ ತಮ್ಮ ತಾಯಿಗೆ, ಸ್ವಲ್ಪ ದಿನ ನಲ್ಲಿ ನೀರು ತಗೋಬಾರದೇನು ಎಂದು ಕೇಳಿದರು. ತಾಯಿ ವಾಷರಿನ ಮಾತೆತ್ತಿದರು. ಅಪ್ಪ ಸೊಸೈಟಿಯ ಲೆಕ್ಕದ ಪುಸ್ತಕ ತೆಗೆದು ಕೂತರು. ಮೂವತ್ತೆರಡು ಸಂಸಾರಗಳು ಭೂಮಿಪೂಜೆಗೆ ಕಾದು ಕೂತಿದ್ದವು. ಕಾಗದ ಹೊರಬಿದ್ದರೆ ಮಂಜೂರಾತಿ ನಿಲ್ಲುತ್ತಿತ್ತು. ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡದೆ ಎಂಟು ದಿನ ಕಳೆದರು. ಈ ನಡುವೆ ಎರಡು ಸಲ ವೆಂಕೂಬಾಯಿ, ಅಕಸ್ಮಾತ್ತೆಂಬಂತೆ, ಮಡಿಕೊಡ ಮುಟ್ಟಿಬಿಟ್ಟಿದ್ದಳು. ಅಜ್ಜಿ ಬೈದು ನೀರು ಚೆಲ್ಲಿಸಿದರು. ಪ್ರಾಣೇಶಾಚಾರ್ಯರು ಅದೇ ಬಾವಿಯಿಂದ ಇನ್ನೊಂದು ಕೊಡ ತಂದರು.

ಭೂಮಿಪೂಜೆ ನಾಳೆ. ನಾಳೆ ಆ ನೀರೇ ತೀರ್ಥವಾಗಿ ಎಲ್ಲರ ಅಂಗೈಗೆ ಬೀಳುವುದಿತ್ತು.

ಆ ಸಂಜೆ ಮಳೆಗೆ ಸಿಕ್ಕಿ ಇಬ್ಬರು ಮನೆಯ ಕಟ್ಟೆಗೆ ಬಂದು ಕೂತಿದ್ದರು. ಒಬ್ಬ ಅಂಜಿನಪ್ಪ, ಹತ್ತಿ ಮಿಲ್ಲಿನ ಫಿಟ್ಟರು, ಸೊಸೈಟಿಯ ಮೆಂಬರು. ಪೂಜೆಯ ಹೊತ್ತು ಕೇಳಲು ಬಂದವನು. ಇನ್ನೊಬ್ಬಳು ದಸ್ತಗಿರಮ್ಮ, ಅರವತ್ತು ದಾಟಿದವಳು, ಗೋದಾಮಿನ ಬಯಲಿನ ಅಂಚಿಗೆ ಗುಡಿಸಲು ಹಾಕಿಕೊಂಡು ಒಬ್ಬಳೇ ಇರುವವಳು. ಆ ಗುಡಿಸಲು ನಕ್ಷೆಯಲ್ಲಿ ರಸ್ತೆಯ ನಟ್ಟನಡುವೆ ಬಂದಿತ್ತು. ಬೇರೆ ಜಾಗ ಕೇಳಲು ಬಂದಿರಬೇಕೆಂದು ಎಲ್ಲರೂ ತಿಳಿದರು, ಅವಳು ಕೇಳಿರಲಿಲ್ಲ. ಹೊಸ್ತಿಲಿನ ಒಳಗೆ ಮಣೆಯ ಮೇಲೆ ಅಂಬೂಬಾಯಿ, ಪಕ್ಕದಲ್ಲಿ ಅವರ ಮಡಿನೀರಿನ ತಾಮ್ರದ ತಂಬಿಗೆ. ಕುರ್ಚಿಯಲ್ಲಿ ಸೇತುಮಾಧವಾಚಾರ್ಯರು. ಕಂಬಕ್ಕೆ ಒರಗಿ ವೆಂಕೂಬಾಯಿ. ನಡುವೆ ಕಂದೀಲು.

“ಏನವ್ವಾ ದಸ್ತಗಿರವ್ವಾ,” ಎಂದು ಅಂಜಿನಪ್ಪ ಚುಡಾಯಿಸಿದ, “ನಿನ್ನ ಬಾವಿ ಗೆಳತೀನ ಆಚಾರ್ರು ಕಲ್ಲಿಟ್ಟು ಕಟ್ಟಿಬಿಟ್ರಂತ. ಇನ್ನ ನಿನಗ ಜತಿ ಯಾರು? ನನ್ನ ಸೈಟಿಗೆ ಕಾವಲು ಬಂದುಬಿಡು, ಸರೇನಾ?”

ಅಂಬೂಬಾಯಿ ನಕ್ಕರು. “ಕರೆಂಟು ಬರೋತನಕ ಆ ಕತಿ ಹೇಳು. ದೆವ್ವ ಹೋದಮ್ಯಾಲೆ ಕೇಳಲಿಕ್ಕೆ ಏನು ಹೆದರಿಕಿ.”

ದಸ್ತಗಿರಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಯಾರನ್ನೂ ನೋಡದೆ, ಓಣಿಯಲ್ಲಿ ಹರಿಯುವ ನೀರಿಗೇ ಹೇಳುವವಳಂತೆ ಸುರುಮಾಡಿದಳು.

“ನಗು ಅಂಜಿನಪ್ಪ, ನಗು. ನಿಮ್ಮಪ್ಪ ಬಜಾರಪ್ಪನೂ ಹಿಂಗೇ ನಗ್ತಿದ್ದ... ಕೇಳ್ರಿ ಅಮ್ಮಾರೇ. ನಾನು ನಾಗಲದಿನ್ನಿಯಾಕಿ. ಹೊಳಿ ದಂಡಿಮ್ಯಾಲೆ ಹುಟ್ಟಿದಾಕಿಗೆ ನೀರಿಗೂ ಅಂಜಬೇಕು ಅನ್ನೋದು ಹೆಂಗ ಗೊತ್ತಿರಬೇಕು? ಈ ಆದವಾನಿಗೆ ಲಗ್ನಾಗಿ ಬಂದೆ, ಬಂದಾಕಿನೇ ತೊಗಲಿನ ಗೋದಾಮಿಗೆ ಕೂಲಿ ಹೋದೆ. ದೊಡ್ಡ ಲಡಾಯಿ ನಡೆದಿದ್ದ ಕಾಲ ಅದು. ಸಿಪಾಯಿಗಳಿಗೆ ಬೂಟು ಬೇಕಂತ ಗಾಡಿಗಟ್ಲೆ ತೊಗಲು ಬರ್ತಿದ್ವು. ಅವನ್ನ ಹರವೋದು, ಮ್ಯಾಲೆ ಬಿಳೀ ಪುಡಿ ಉದುರಸೋದು, ಮಡಚೋದು, ಮತ್ತ ಹರವೋದು... ಪುಡಿ ನೋಡಾಕ ಅಕ್ಕಿಹಿಟ್ಟಿನಂಗ. ವಾಸನಿ ಇಲ್ಲ, ರುಚಿ ಇಲ್ಲ ಅಂತ ಮೇಸ್ತ್ರಿ ಹೇಳ್ತಿದ್ದ; ರುಚಿ ನೋಡಿದಾರು ಯಾರು ಅಂತ ನಾವು ಕೇಳಲಿಲ್ಲ. ಆ ಪುಡಿ ಬಿದ್ದ ತೊಗಲಿಗೆ ಹುಳ ಹತ್ತಂಗಿಲ್ಲ. ಮ್ಯಾಲೆ ಕೂತ ನೊಣ ಎದ್ದು ಹಾರಂಗಿಲ್ಲ.

“ನನ್ನ ಜೋಡಿ ಬರ್ತಿದ್ದಾಕಿ ಲಿಂಗಕ್ಕ, ಬೆಳಗಲ್ ಕಡೇಕಿ. ನಾನು ಬಾಯಿಲ್ಲದಾಕಿ, ಆಕಿಗೆ ಇಬ್ಬರ ಬಾಯಿ ಇತ್ತು. ನನ್ನ ಪಾಲಿನ ಜಗಳಾನೂ ಆಕಿನೇ ಆಡ್ತಿದ್ದಳು. ಲಡಾಯಿ ಮುಗೀತು, ಗೋದಾಮು ಕತಂ. ಕಡೀ ದಿನ ನಮ್ಮಿಬ್ಬರನ್ನೇ ಇರಿಸ್ಕೊಂಡ್ರು. ಉಳಿದ ಪುಡಿ... ಪೀಪಾಯಿಗಟ್ಲೆ ಪುಡಿ... ಬಾವಿ ಮಗ್ಗಲ ಗುಂಡಿಗೆ ಸುರುವಿಸಿ ಮ್ಯಾಲೆ ಮಣ್ಣೆಳಿಯಾಕ ಹಚ್ಚಿದ್ರು. ಮಣ್ಣೆಳದ ನಾಲ್ಕು ಕೈ ನಮ್ಮವೇ. ನೋಡಿದ ನಾಲ್ಕು ಕಣ್ಣೂ ನಮ್ಮವೇ. ಮೇಸ್ತ್ರಿ ಬೀಗ ಹಾಕ್ಕೊಂಡು ರೈಲು ಹತ್ತಿದ.

“ಖಾಲಿ ಜಾಗ ಖಾಲಿ ಇರತೈತೇನ್ರಿ? ಮಿಲ್ಲಿನ ಕೂಲಿ ಮಂದಿ ಬಂದು ಗೋಡಿಗೆ ಗೋಡಿ ಹಚ್ಚಿ ಇಪ್ಪತ್ತು ಮನಿ ಮಾಡ್ಕೊಂಡ್ರು. ನೀರು ನೋಡಿದ್ರ ಸಕ್ಕರಿ. ಲಿಂಗಕ್ಕ ಹೋಗಿ ಬಾವಿ ದಂಡಿಮ್ಯಾಲೆ ಕೂತ್ಲು. ಕೊಡ ತಂದಾರಿಗೆಲ್ಲ, ಬ್ಯಾಡ, ಇದರಾಗ ಪಾಷಾಣ ಇಳದೈತಿ ಅಂತ ಹೇಳಿದ್ಲು. ಯಾರು ಕೇಳ್ತಾರ, ತೊಗಲು ಹರವೋ ಹೆಂಗಸಿನ ಮಾತು? ಹಗ್ಗ ಕಸಗೊಂಡ್ಲು, ಕೊಡಕ್ಕ ಕಲ್ಲು ಒಗದ್ಲು. ಹೊಡದ್ರು ಆಕಿನ್ನ. ಕಡೀಕ ಪಂಚಾಯ್ತಿ ಕೂಡ್ತು. ಪಂಚಾಯ್ತಿಗೆ ಹಿರಿಯ ಯಾರು?... ಹ್ಞೂಂ ಅಂಜಿನಪ್ಪ, ನಿಮ್ಮಪ್ಪನೇ. ಪುಡಿ ಸುರುವಿದ್ದು ನೀ ನೋಡೀನಿ ಅಂತಿ, ಮತ್ತ್ಯಾರು ನೋಡ್ಯಾರ, ಅಂತ ಕೇಳಿದ. ಲಿಂಗಕ್ಕ ತಿರುಗಿ ನನ್ನ ಕಡೆ ನೋಡಿದ್ಲು.

“ನಾನು ನೆಲ ನೋಡಿದೆ.”

ವೆಂಕೂಬಾಯಿ ಕಾಲಬೆರಳಿನಿಂದ ಹಾಸುಬಂಡೆಯ ಸಂದನ್ನು ಕೆರೆಯುತ್ತಿದ್ದಳು. ತಾನೂ ನೆಲವನ್ನೇ ನೋಡುತ್ತಿದ್ದೇನೆಂದು ಅರಿವಾಗಿ ತಲೆಯೆತ್ತಿದಳು.

“ಯಾಕಂತೀರಿ? ನನಗೂ ಅಲ್ಲಿ ಮನಿ ಮಾಡ್ಕೊಳಾಕ ಒಂದು ಗೋಡಿ ಸಿಕ್ಕಿತ್ತು. ಮಾತಾಡಿದ್ರ ಅದು ಹೋಗ್ತಿತ್ತು. ನಾ ಒಬ್ಬಾಕಿ ಹೇಳದಿದ್ರ ಏನಾದೀತು, ಖರೇ ಇದ್ದದ್ದು ತಾನಾಗಿ ಹೊರಗ ಬಂದೀತು ಅಂದ್ಕೊಂಡೆ. ಬಜಾರಪ್ಪ ನಕ್ಕ. ವಿಷ ಇದ್ರ ನೀನೇ ಕುಡದು ತೋರ್ಸು, ಸತ್ತರ ನಂಬ್ತೀವಿ ಅಂದ. ಲಿಂಗಕ್ಕ ತಾನೇ ಸೇದಿದ್ಲು. ಎಲ್ಲಾರ ಮುಂದ ಕೊಡ ಎತ್ತಿ... ಗಟಗಟ, ಗಟಗಟ... ಹೊಟ್ಟಿ ತುಂಬ ಕುಡದ್ಲು. ಕುಡದು ನಿಂತ್ಲು. ಮಂದಿ ಕಾದ್ರು. ಹೊತ್ತು ಮುಣುಗಿತು. ಆಕಿ ಸಾಯಲಿಲ್ಲ.

“ಸಾಯಲಿಲ್ಲ ನೋಡ್ರಿ, ಅದೇ ಆಕಿ ತಪ್ಪಾತು. ಸುಳ್ಳಿ ಅಂತ ಉಗುಳಿ ಎಲ್ಲಾರೂ ಕೊಡ ತುಂಬಿಕೊಂಡು ಮನಿಗೆ ಹೋದ್ರು. ಆ ವಿಷ ಹಾವಿನ ಜಾತಿದಲ್ಲ ಅಮ್ಮಾರೇ, ಗೆದ್ದಲಿನ ಜಾತಿದು. ಬಾಗಲಾ ಬಾಗಲದಂಗ ನಿಂತಿರತೈತಿ, ಒಳಗ ಎಲ್ಲಾ ತಿಂದಿರತೈತಿ. ಮುಂದಿನ ವರ್ಷ ಲಿಂಗಕ್ಕ ಹೋದ್ಲು, ಅಂಗೈ ತುಂಬ ಜ್ವಾಳದ ಕಾಳಿನಂಗ ಗಂಟು. ಆಗ ಯಾರಿಗೆ ಆ ಕೊಡ ನೆಪ್ಪಿತ್ತು? ಆಮ್ಯಾಲೆ ಒಬ್ಬೊಬ್ಬರಿಗೇ ಸುರುವಾತು. ಧೂಳಿನಮ್ಯಾಲೆ ಮಳಿ ಹನಿ ಬಿದ್ದಂಗ ಮೈತುಂಬ ಚುಕ್ಕಿ. ಅಂಗಾಲು ಹೊಲದಂಗ ಬಿರಿಯೋದು. ನಿಮ್ಮಪ್ಪನ ಅಂಗಾಲಿಗೆ ನೀನೇ ಎಣ್ಣಿ ತಿಕ್ಕತಿದ್ಯಲ್ಲ ಅಂಜಿನಪ್ಪ?”

ಅಂಜಿನಪ್ಪ ಬೀಡಿ ಹಚ್ಚಲು ತೆಗೆದ ಕಡ್ಡಿ ಬೆರಳಲ್ಲೇ ಉಳಿದಿತ್ತು.

“ಆಗ ಹಗ್ಗ ತುಂಡಾಗಾಕ ಹತ್ತಿದ್ವು. ಬಾವಿಗೆ ಬಿಟ್ಟು ಬಂದ ಹಗ್ಗ ಮುಂಜಾನಿ ನೋಡಿದ್ರ ಎರಡು ತುಂಡು. ಹೊಸಾದು ತಂದ್ರ ಅದೂ ಎರಡು ತುಂಡು. ಲಿಂಗಕ್ಕ ಬಂದಾಳ ಅಂದ್ರು. ಬದುಕಿದ್ದಾಗ ಬಾಯಿ ಹರಕೊಂಡ್ರೂ ಕೇಳದ ಮಂದಿ, ಸತ್ತಾಕಿ ಒಂದು ಮಾತಾಡದಿದ್ರೂ ಕೇಳಿದ್ರು. ಇಪ್ಪತ್ತು ಮನೀನೂ ಖಾಲಿ. ವಿಷಕ್ಕ ಅಂಜಲಿಲ್ಲ, ದೆವ್ವಕ್ಕ ಅಂಜಿದ್ರು. ಏನಂತೀರಿ ಇದಕ್ಕ?

“ಇನ್ನೊಂದು ಹೇಳ್ತೀನಿ, ಇವತ್ತಿನತನಕ ಯಾರಿಗೂ ಹೇಳಿಲ್ಲ. ಆ ಹಗ್ಗ ಕೊಯ್ದಾಕಿ ನಾನು. ಸೆರಗಿನಾಗ ಕುಡುಗೋಲು ಇಟಗೊಂಡು ಹೋಗ್ತಿದ್ದೆ. ಪಂಚಾಯ್ತಿಯಾಗ ಆಡದ ಮಾತು ಹಿಂಗರ ಆಡೋಣ ಅಂತ... ಎರಡು ವರ್ಷ ಕೊಯ್ದೆ. ಆಮ್ಯಾಲೆ ನೋಡ್ರಿ ಈ ಕೈ.”

ಕಂದೀಲಿನ ಮುಂದೆ ಎರಡೂ ಕೈ ಚಾಚಿದಳು. ಅಂಗೈ ಆಮೆಯ ಬೆನ್ನಿನಂತೆ ಗಡುಸಾಗಿತ್ತು. ಬೆರಳುಗಳು ಒಳಕ್ಕೆ ಬಾಗಿ ಅಲ್ಲೇ ನಿಂತುಬಿಟ್ಟಿದ್ದವು. ಅಂಬೂಬಾಯಿ ಮಣೆಯ ಮೇಲೆ ತುಸು ಹಿಂದೆ ಸರಿದರು.

“ಈ ಕೈಲೆ ಕುಡುಗೋಲು ಹಿಡಿಯಾಕ ಬರಂಗಿಲ್ಲ. ಬಿಟ್ಟುಬಿಟ್ಟೆ. ಆಮ್ಯಾಲೂ ಗೊತ್ತಿಲ್ಲದ ದಾರಿಹೋಕರು, ಕುರಿ ಕಾಯೋರು, ಹಗ್ಗ ತರ್ತಿದ್ರು. ಇಳಿಬಿಟ್ಟ ಹಗ್ಗ ಹಗುರಾಗಿ ಮ್ಯಾಲೆ ಬರ್ತಿತ್ತು. ತುದಿ ನೋಡಿದ್ರ ಕೊಯ್ದಂಗ ಚೊಕ್ಕ. ಮೂವತ್ತು ವರ್ಷ... ನಾನಲ್ಲ. ಮತ್ತ್ಯಾರು?”

ಸೇತುಮಾಧವಾಚಾರ್ಯರು ಕುರ್ಚಿಯಲ್ಲಿ ಅಲುಗಿದರು. ಶಾಂತಿ ಮಾಡಿಸಿ ಇಪ್ಪತ್ತು ದಿನವಾಯಿತು, ಒಂದು ಹಗ್ಗವೂ ತುಂಡಾಗಿಲ್ಲ, ಇನ್ನೇನು ಆಕೆ ಹೋದಂತೆಯೇ ಅಲ್ಲವೇ, ಎಂದು ಮೀಟಿಂಗಿನಲ್ಲಿ ಓದುವ ದನಿಯಲ್ಲಿ ಹೇಳಿದರು.

“ಹೋದ್ಲು ಆಚಾರ್ರೇ. ಬಾವಿ ಬಿಟ್ಟು ಹೋದ್ಲು. ಅಡ್ಡ ನಿಂತಾಕಿನ್ನ ನೀವೇ ಕಲ್ಲಿಟ್ಟು ಸರಿಸಿದ್ರಿ. ಪುಡಿ ಇದ್ದಲ್ಲೇ ಐತಿ, ಅದಕ್ಕ ಯಾವ ಶಾಂತಿ ಮಾಡಿಸಿದ್ರಿ?... ಆದ್ರ ಲಿಂಗಕ್ಕ ಬರೇ ಬಾವ್ಯಾಗ ಇದ್ದಿಲ್ಲರಿ. ನಾ ನೆಲ ನೋಡಿದ್ನಲ್ಲ, ಅವತ್ತಿನಿಂದ ನನ್ನ ಗಂಟಲಾಗ ಒಂದು ಗಂಟು. ಉಗುಳಿದ್ರ ಬರಂಗಿಲ್ಲ, ನುಂಗಿದ್ರ ಇಳಿಯಂಗಿಲ್ಲ. ಮೂವತ್ತೈದು ವರ್ಷ ರೊಟ್ಟಿ ನೆನೆಸಿ ನೆನೆಸಿ ತಿಂದೀನಿ. ಅಲ್ಲಿ ಯಾರು ಕೂತಾರ ಅಂತ ನನಗ ಗೊತ್ತಿತ್ತು. ಈಗ... ಎಂಟು ದಿನ ಆತು. ಒಂದು ಮುಂಜಾನಿ ಎದ್ದು ರೊಟ್ಟಿ ಮುರದು ಬಾಯಿಗಿಟ್ಟೆ, ಸರಾಗ ಇಳೀತು. ನನ್ನೂ ಬಿಟ್ಟು ಹೋಗ್ಯಾಳ. ಎಲ್ಲಿಗೆ ಹೋಗ್ಯಾಳ? ಅದನ್ನ ಕೇಳಾಕ ಬಂದೆ, ಗುಡಸಲ ಮಾತಿಗೆ ಅಲ್ಲ. ಆಕಿಗೆ ಮತ್ತ್ಯಾರೋ ಸಿಕ್ಕಾರ... ಗೊತ್ತಿದ್ದೂ ಬಾಯಿ ಬಿಡದಾರು. ಅಲ್ಲಿ ಕೂತಾಳ ಆಕಿ ಈಗ, ಈ ಊರಾಗೇ.”

ಮಳೆ ಸುರಿಯುತ್ತಲೇ ಇತ್ತು. ಸೇತುಮಾಧವಾಚಾರ್ಯರು ಕನ್ನಡಕ ತೆಗೆದು ಡಬ್ಬಿಯಲ್ಲಿಟ್ಟರು, ಮತ್ತೆ ತೆಗೆದು ಹಾಕಿಕೊಂಡರು. ಅಂಜಿನಪ್ಪ ತನ್ನ ಅಂಗೈಯನ್ನು ಕಂದೀಲಿಗೆ ಹಿಡಿದು ನೋಡಿಕೊಳ್ಳುತ್ತಿದ್ದ.

“ಚಲೋ ಕತಿ ಕಟ್ಟೀದಿ. ಕೇಳಿ ಕೇಳಿ ನನ್ನ ಗಂಟಲ ಒಣಗಿತು ನೋಡು,” ಎಂದು ಅಂಬೂಬಾಯಿ ತಂಬಿಗೆಗೆ ಕೈ ಚಾಚಿದರು.

ವೆಂಕೂಬಾಯಿ ಎರಡು ಹೆಜ್ಜೆಯಲ್ಲಿ ಬಂದು ತಂಬಿಗೆಯ ಬಾಯಿಯ ಮೇಲೆ ಅಂಗೈ ಇಟ್ಟಳು. ತಾಮ್ರ ತಣ್ಣಗಿತ್ತು.

“ಮತ್ತ ಮುಟ್ಟಿದ್ಯಾ. ಇದು ಮೂರನೇ ಸಲ. ಈ ಹುಡುಗಿಗೆ ಮಡಿ ಮೈಲಿಗಿ ಒಂದೂ ಇಲ್ಲದಂಗಾಗ್ಯದ. ಚೆಲ್ಲು, ತೊಳದಿಡು. ಕೊಡದಾಗ ಬೇರೆ ಅದ, ತುಂಬಿಸ್ಕೋತೀನಿ.”

“ಹೋಗ್ಲಿ ಬಿಡಮ್ಮಾ, ಕತ್ತಲಿಯೊಳಗ ಕಾಣಲಿಲ್ಲ ಆಕಿಗೆ,” ಎಂದರು ಸೇತುಮಾಧವಾಚಾರ್ಯರು ಅವಸರದಿಂದ. ಎಂಟು ದಿನದಲ್ಲಿ ಮೊದಲ ಸಲ ಅವರ ಕಣ್ಣು ಮಗಳ ಕಣ್ಣಿಗೆ ಬಂತು. ಆ ಕಣ್ಣು ಬೇಡುತ್ತಿತ್ತು.

ಚೆಲ್ಲುವುದು ಸುಲಭ ಎಂದು ವೆಂಕೂಬಾಯಿಗೆ ಅನಿಸಿತು. ತಂಬಿಗೆಯದು ಚೆಲ್ಲಿದರೆ ಕೊಡದ್ದು ಇದೆ, ಕೊಡದ್ದು ಚೆಲ್ಲಿದರೆ ಬಾವಿಯದು ಇದೆ. ಗಂಟಲಿನಲ್ಲಿ ಕೂತದ್ದು ಅಲುಗಿತು. ಆಳದಿಂದ ಯಾರೋ ಸೇದುತ್ತಿರುವಂತೆ, ಭಾರವಾಗಿ, ಗೇಣು ಗೇಣಾಗಿ ಮೇಲೆ ಬಂತು. ಅವಳು ಕೈ ತೆಗೆಯಲಿಲ್ಲ. ಓಣಿಯ ಆಚೆ ಬದಿಗೂ ಕೇಳಿಸುವ ದನಿಯಲ್ಲಿ, ಅದು ತನ್ನದೇ ದನಿಯೋ ಅಲ್ಲವೋ ಎಂದು ತಾನೇ ಬೆಚ್ಚುತ್ತ, ಹೇಳಿದಳು:

“ಈ ನೀರೊಳಗ ಪಾಷಾಣ ಅದ ಅಜ್ಜಿ. ಎಂಟು ದಿನದಿಂದ ನನಗ ಗೊತ್ತದ. ಅಪ್ಪಗೂ ಗೊತ್ತದ.”